ದಾದಿಯ ಅರ್ಜಿಯಲ್ಲಿ ಒಂದು ಪ್ರಶ್ನೆ

ಕಳೆದ ತಿಂಗಳು ಒಂದು ಸಾಯಂಕಾಲ ನಮ್ಮ ಬೀದಿಯ ಕೊನೆಯ ಮನೆಯ ಯಜಮಾನರು ಕೈಯಲ್ಲಿ ಒಂದು ಕಾಗದವನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಅವರ ಮಗಳು ಶುಶ್ರೂಷಾ ವಿದ್ಯೆಯಲ್ಲಿ ಪದವಿಯನ್ನು ಪಡೆದವಳು. ನಾಲ್ಕು ವರ್ಷ ಓದಿ, ಮೂರು ವರ್ಷ ಹಗಲಿರುಳೆನ್ನದೆ ಆಸ್ಪತ್ರೆಯಲ್ಲಿ ದುಡಿದು, ಕಡೆಗೆ ಇಂಗ್ಲೆಂಡಿನ ಆಸ್ಪತ್ರೆಯೊಂದಕ್ಕೆ ಅರ್ಜಿಯನ್ನು ಹಾಕಿದ್ದಳು. ಭಾಷೆಯ ಪರೀಕ್ಷೆಯಾಯಿತು; ವೃತ್ತಿಯ ಪರೀಕ್ಷೆಯಾಯಿತು; ಕಂಪ್ಯೂಟರಿನ ಪರದೆಯ ಮುಂದೆ ಕುಳಿತು ಸಂದರ್ಶನವೂ ಆಯಿತು. ಸಂದರ್ಶನ ಮಾಡಿದವರು ಕೊನೆಯಲ್ಲಿ ನಗುಮೊಗದಿಂದ, “ನಿಮ್ಮನ್ನು ಬೇಗನೆ ನಮ್ಮ ವಾರ್ಡಿನಲ್ಲಿ ನೋಡುತ್ತೇವೆಂದು ನಂಬಿದ್ದೇವೆ” ಎಂದರಂತೆ. ಆ ರಾತ್ರಿ ಆ ಮನೆಯಲ್ಲಿ ಪಾಯಸವಾಯಿತು. ನಮಗೂ ಒಂದು ಲೋಟ ಬಂದಿತ್ತು.

ನಾಲ್ಕು ದಿನಗಳ ಮೇಲೆ ಏಜೆಂಟರಿಂದ ಒಂದು ನಮೂನೆ ಬಂದಿತು. ಕಡತಕ್ಕೆ ಬೇಕು, ತುಂಬಿ ಕಳುಹಿಸಿ, ನೇಮಕದ ಪತ್ರ ಹಿಂದೆಯೇ ಬರುವುದು ಎಂದು ಒಕ್ಕಣೆ. ಅದರಲ್ಲಿ ಬೆನ್ನುನೋವು, ಸಕ್ಕರೆ ರೋಗ, ಕ್ಷಯ ಇವುಗಳ ಸಾಲಿನಲ್ಲಿಯೇ ಒಂದು ಪ್ರಶ್ನೆ: ನೀವು ಎಂದಾದರೂ ಮಾನಸಿಕ ಅಸ್ವಾಸ್ಥ್ಯಕ್ಕೆ ಚಿಕಿತ್ಸೆ ಪಡೆದದ್ದುಂಟೇ? ಹುಡುಗಿ ಉಂಟೆಂದು ಬರೆದಳು. ಓದುತ್ತಿದ್ದ ಕಾಲದಲ್ಲಿ, ಮೂರನೆಯ ವರ್ಷದಲ್ಲಿ, ಆಕೆಗೆ ಖಿನ್ನತೆಯ ರೋಗ ಬಂದಿದ್ದಿತು. ಊಟ ಸೇರದೆ, ನಿದ್ರೆ ಬಾರದೆ, ಹಾಸ್ಟೆಲಿನ ಕೊಠಡಿಯಲ್ಲಿ ಗೋಡೆಗೆ ಮುಖಮಾಡಿ ಮಲಗಿರುತ್ತಿದ್ದವಳನ್ನು ಗೆಳತಿಯರು ಬೆಂಗಳೂರಿನ ಮನೋವೈದ್ಯರೊಬ್ಬರಲ್ಲಿಗೆ ಕರೆದುಕೊಂಡು ಹೋದರು. ಹದಿನಾಲ್ಕು ತಿಂಗಳು ಔಷಧವನ್ನು ಸೇವಿಸಿ ಗುಣ ಹೊಂದಿದಳು. ಪರೀಕ್ಷೆಯಲ್ಲಿ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾದಳು. ಇದಿಷ್ಟನ್ನೂ ಆಕೆ ಒಳ್ಳೆಯ ಅಕ್ಷರದಲ್ಲಿ, ಯಾವುದನ್ನೂ ಮರೆಮಾಚದೆ, ನಮೂನೆಯಲ್ಲಿ ಬರೆದು ಕಳುಹಿಸಿದಳು. ಮೂರು ವಾರಗಳ ಮೌನದ ಮೇಲೆ ಎರಡು ಸಾಲಿನ ಉತ್ತರ ಬಂದಿತು: ಈ ಸಲ ಮುಂದುವರಿಯಲು ಅನುಕೂಲವಿಲ್ಲ, ವಿಷಾದಿಸುತ್ತೇವೆ. ಯಜಮಾನರ ಕೈಯಲ್ಲಿದ್ದ ಕಾಗದ ಅದೇ.

“ಇಲ್ಲವೆಂದು ಬರೆದಿದ್ದರೆ ಯಾರ ಗಂಟು ಹೋಗುತ್ತಿತ್ತು?” ಎಂದು ಅವರು ಕೇಳಿದರು. ಮಗಳ ಮೇಲೆ ಕೋಪವೋ ಲೋಕದ ಮೇಲೆ ಕೋಪವೋ ಅವರಿಗೇ ತಿಳಿದಂತಿರಲಿಲ್ಲ.

ಆ ಆಸ್ಪತ್ರೆಯವರು ಈ ಕಾರಣದಿಂದಲೇ ಹಿಂದೆಗೆದರೆಂದು ನಾವು ಹೇಳಲಾರೆವು. ಬಂದ ಉತ್ತರದಲ್ಲಿ ಕಾರಣವಿಲ್ಲ. ಹಣದ ಅಡಚಣೆಯಿದ್ದಿರಬಹುದು, ಹುದ್ದೆಯೇ ರದ್ದಾಗಿರಬಹುದು, ಇವಳಿಗಿಂತ ಅನುಭವಶಾಲಿಗಳು ದೊರೆತಿರಬಹುದು. ಭೇದಭಾವವೆಂಬುದು ಇಂದು ಬಾಗಿಲಲ್ಲಿ ಹಲಗೆ ತೂಗಿಸಿಕೊಂಡು ಕುಳಿತಿರುವುದಿಲ್ಲ. ವಿಷಾದದ ಮಾತನ್ನಾಡಿ ಬಾಗಿಲನ್ನು ಮೆಲ್ಲಗೆ ಮುಚ್ಚುವುದು. ಮುಚ್ಚಿದವರ ಮನಸ್ಸಿನಲ್ಲಿ ಏನಿತ್ತೆಂದು ಹೊರಗೆ ನಿಂತವಳು ಹೇಗೆ ತೋರಿಸಿಕೊಡಬೇಕು? ಸಂದೇಹ ಒಂದು, ರುಜುವಾತು ಮತ್ತೊಂದು. ಈ ಎರಡರ ನಡುವಣ ಕಂದಕವನ್ನು ದಾಟಿಸುವ ಸೇತುವೆಯೊಂದನ್ನು ಬ್ರಿಟನ್ನಿನವರು ೨೦೧೦ರಲ್ಲಿ ಕಟ್ಟಿರುವರು. ಅದನ್ನು ಏಕೆ ಕಟ್ಟಬೇಕಾಯಿತೆಂಬ ಕಥೆಯೇ ಒಂದು ದೊಡ್ಡ ಪಾಠವಾಗಿರುವುದರಿಂದ, ನಮ್ಮ ನಾಡಿನ ಸಾವಿರಾರು ಹೆಣ್ಣುಮಕ್ಕಳು ಆ ದೇಶದ ಆಸ್ಪತ್ರೆಗಳ ಕಡೆಗೆ ಮುಖಮಾಡಿರುವ ಈ ಕಾಲದಲ್ಲಿ, ಅದನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರುವುದು.

ಇಂಗ್ಲೆಂಡಿನ ಲಿಂಕನ್‌ಷೈರಿನಲ್ಲಿ ಗ್ರಾಂಥಮ್ ಎಂಬ ಊರಿದೆ. ಅಲ್ಲಿಯ ಆಸ್ಪತ್ರೆಯ ನಾಲ್ಕನೆಯ ವಾರ್ಡು ಮಕ್ಕಳದು. ೧೯೯೧ರ ಫೆಬ್ರವರಿಯಿಂದ ಏಪ್ರಿಲಿನವರೆಗೆ ಆ ವಾರ್ಡಿನಲ್ಲಿ ಮಕ್ಕಳು ಇದ್ದಕ್ಕಿದ್ದಂತೆ ಕುಸಿಯತೊಡಗಿದರು. ಚೇತರಿಸಿಕೊಳ್ಳುತ್ತಿದ್ದ ಕೂಸು ಗಳಿಗೆಯೊಳಗೆ ನೀಲಿಗಟ್ಟುವುದು, ಆಡುತ್ತಿದ್ದ ಮಗುವಿನ ಹೃದಯ ನಿಲ್ಲುವುದು. ನಾಲ್ಕು ಮಕ್ಕಳು ತೀರಿಕೊಂಡವು. ಇನ್ನೂ ಒಂಬತ್ತು ಮಕ್ಕಳು ಅಪಾಯಕ್ಕೆ ಸಿಕ್ಕಿ ಉಳಿದವು. ಅಲ್ಲಿ ಕೆಲಸಕ್ಕಿದ್ದ ಬೆವರ್ಲಿ ಆಲಿಟ್ ಎಂಬ ತರುಣ ದಾದಿಯೇ ಇದಕ್ಕೆ ಕಾರಣಳೆಂದು ೧೯೯೩ರಲ್ಲಿ ನ್ಯಾಯಾಲಯದಲ್ಲಿ ಸ್ಥಾಪಿತವಾಗಿ, ಆಕೆಗೆ ಹದಿಮೂರು ಜೀವಾವಧಿ ಶಿಕ್ಷೆಗಳಾದವು. ಮಕ್ಕಳನ್ನು ನಂಬಿ ಒಪ್ಪಿಸಿದ ಕೈಯೇ ಮಕ್ಕಳಿಗೆ ಮೃತ್ಯುವಾದ ಈ ಸುದ್ದಿಯನ್ನು ಕೇಳಿ ಆ ದೇಶವೆಲ್ಲ ತಲ್ಲಣಿಸಿತು. ಹಾಗೆ ತಲ್ಲಣಿಸಿದ್ದು ಸಹಜವೇ ಸರಿ.

ಸರ್ಕಾರದವರು ಸರ್ ಸೆಸಿಲ್ ಕ್ಲೋಥಿಯರ್ ಎಂಬ ನ್ಯಾಯಶಾಸ್ತ್ರಜ್ಞರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯೊಂದನ್ನು ನೇಮಿಸಿದರು. ೧೯೯೪ರಲ್ಲಿ ಹೊರಬಂದ ಅದರ ವರದಿಯ ಮುಖ್ಯ ಪಾಠ ಒಂದೇ: ಕಾರಣ ತಿಳಿಯದೆ ರೋಗಿಯು ಕುಸಿದಾಗ, ಯಾರೋ ಬೇಕೆಂದು ಮಾಡಿರಬಹುದೆಂಬ ಸಾಧ್ಯತೆಯನ್ನೂ ಶುಶ್ರೂಷೆ ಮಾಡುವವರು ಮನಸ್ಸಿನಲ್ಲಿಡತಕ್ಕದ್ದು. ಇದು ವಿವೇಕದ ಮಾತು. ಆದರೆ ವರದಿಯ ಶಿಫಾರಸುಗಳಲ್ಲಿ ಇನ್ನೊಂದು ಬಗೆಯವೂ ಇದ್ದವು. ವ್ಯಕ್ತಿತ್ವದ ತೀವ್ರ ವಿಕಾರವುಳ್ಳವರನ್ನು ದಾದಿಯರ ವೃತ್ತಿಗೆ ಸೇರಿಸಬಾರದು ಎಂಬುದು ಒಂದು. ಅನಾರೋಗ್ಯಕ್ಕಾಗಿ ಮಿತಿಮೀರಿ ರಜ ಪಡೆದವರು, ವೈದ್ಯರ ಅಥವಾ ಆಪ್ತಸಲಹೆಗಾರರ ನೆರವನ್ನು ಮಿತಿಮೀರಿ ಬಯಸಿದವರು, ತಮ್ಮ ಶರೀರವನ್ನು ತಾವೇ ಗಾಯಮಾಡಿಕೊಂಡವರು, ಇಂಥವರು ಎರಡು ವರ್ಷಕಾಲ ಯಾವ ನೆರವೂ ಇಲ್ಲದೆ ಬಾಳಿ ತೋರಿಸುವವರೆಗೆ ಶಿಕ್ಷಣಕ್ಕೆ ಸೇರಿಸಿಕೊಳ್ಳಬಾರದೆಂಬ ಸಲಹೆಯನ್ನು ಪರಿಶೀಲಿಸಬೇಕೆಂಬುದು ಮತ್ತೊಂದು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆಲಿಟ್ಟಳ ಹಿಂದಿನ ದಾಖಲೆಯಲ್ಲಿ ಕಂಡದ್ದು ಮುಖ್ಯವಾಗಿ ಮೇಲಿಂದ ಮೇಲೆ ಬಂದ ಗಾಯಗಳ, ನೋವುಗಳ ದೂರು ಮತ್ತು ಶಿಕ್ಷಣಕಾಲದ ಬಹುದಿನಗಳ ಗೈರುಹಾಜರಿ. ಖಿನ್ನತೆಗೆ ಔಷಧ ಸೇವಿಸಿ ಗುಣ ಹೊಂದಿದ ಹುಡುಗಿಗೂ ಆಕೆಗೂ ಏನು ಸಂಬಂಧ? ಆದರೂ ಭಯಕ್ಕೆ ಕಣ್ಣಿಲ್ಲ. ಆ ವರದಿಯ ನೆರಳು ಯಾವ ಅಪರಾಧವನ್ನೂ ಮಾಡದ ಸಾವಿರಾರು ಜನರ ಮೇಲೆ ಬಿದ್ದಿತು. ಎರಡು ವರ್ಷದ ಸಲಹೆಯ ಒಳಗುಟ್ಟನ್ನು ನೋಡಿರಿ: ರೋಗ ಬಂದಾಗ ವೈದ್ಯನಲ್ಲಿಗೆ ಹೋದವಳ ಹೆಸರು ದಾಖಲೆಯಲ್ಲಿರುವುದು, ಹೋಗದೆ ಹಲ್ಲುಕಚ್ಚಿಕೊಂಡು ಇದ್ದವಳ ಹೆಸರು ಎಲ್ಲಿಯೂ ಇರುವುದಿಲ್ಲ. ಹೀಗೆ ಶಿಕ್ಷೆಯಾಗುವುದು ರೋಗಕ್ಕಲ್ಲ, ಚಿಕಿತ್ಸೆಗೆ. ರೋಗಿಗೆ “ಮುಚ್ಚಿಡಬೇಡ, ಹೇಳು” ಎಂದು ದಿನವೂ ಉಪದೇಶಿಸತಕ್ಕ ವೃತ್ತಿಯವರಿಗೇ “ನೀನು ಮಾತ್ರ ಮುಚ್ಚಿಡು” ಎಂದು ಕಲಿಸಿದಂತಾಯಿತು.

ಇಂಥ ನಮೂನೆಗಳಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ತೇರ್ಗಡೆಯಾಗುತ್ತಿದ್ದಳೇ ಎಂದು ನಾವು ಒಮ್ಮೊಮ್ಮೆ ಯೋಚಿಸುವುದುಂಟು. ಕ್ರಿಮಿಯಾ ಯುದ್ಧದಿಂದ ೧೮೫೬ರಲ್ಲಿ ಹಿಂದಿರುಗಿದ ಆಕೆ ಮರುವರ್ಷವೇ ಕುಸಿದು, ಮುಂದೆ ಬಹುವರ್ಷಗಳ ಕಾಲ ಹಾಸಿಗೆಯನ್ನೂ ಕೊಠಡಿಯನ್ನೂ ಬಿಟ್ಟು ಹೆಚ್ಚಾಗಿ ಹೊರಬರಲಿಲ್ಲ. ದೇಹದ ಬಾಧೆಯೊಡನೆ ಮನಸ್ಸಿನ ಕುಗ್ಗೂ ಇದ್ದಿತು. ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯು ಆಕೆಯ ಹೆಸರಿನಲ್ಲಿ ಪ್ರಾರಂಭವಾದದ್ದು ಈ ಅನಾರೋಗ್ಯದ ಕಾಲದಲ್ಲಿಯೇ. ಇರಲಿ, ಪ್ರಕೃತಕ್ಕೆ ಬರೋಣ.

ಹಾಗಾದರೆ ದಾದಿಯ ಮನಸ್ಸಿನ ಆರೋಗ್ಯವನ್ನು ಯಾರೂ ಕೇಳಲೇಬಾರದೇ ಎಂದು ವಾಚಕರು ಕೇಳಬಹುದು. ಸುಲಭವಾಗಿ ತಳ್ಳಿಹಾಕತಕ್ಕ ಪ್ರಶ್ನೆಯಲ್ಲ. ದಾದಿಯ ಕೈಯಲ್ಲಿ ಔಷಧದ ಬೀರುವಿನ ಬೀಗದ ಕೈಯಿರುವುದು. ಇನ್ಸುಲಿನ್ನಿನ ಅಳತೆಯಲ್ಲಿ ಒಂದು ಸೊನ್ನೆ ಹೆಚ್ಚಾದರೆ ಪ್ರಾಣಕ್ಕೆ ಅಪಾಯವಿರುವುದು. ಉನ್ಮಾದ ಮತ್ತು ಖಿನ್ನತೆ ಸರದಿಯ ಮೇಲೆ ಬರುವ ಬೈಪೋಲಾರ್ ಎಂಬ ವ್ಯಾಧಿಯುಳ್ಳವರಿಗೆ ನಿದ್ರೆ ಕೆಟ್ಟರೆ ಉನ್ಮಾದ ಮರುಕಳಿಸುವ ಸಂಭವವುಂಟು; ದಾದಿಯರ ಕೆಲಸದಲ್ಲಿಯಾದರೋ ರಾತ್ರಿಯ ಪಾಳಿ ತಪ್ಪಿದ್ದಲ್ಲ. ಇವೆಲ್ಲ ನಿಜ. ಆದರೆ ಇವುಗಳಿಗೆ ಉತ್ತರವೂ ಉಂಟು. ರಾತ್ರಿಯ ಪಾಳಿಯನ್ನು ತಪ್ಪಿಸಿ ಹಗಲಿನ ಪಾಳಿಯನ್ನೇ ಕೊಟ್ಟರೆ ಅದೇ ದಾದಿಯು ವರ್ಷಗಟ್ಟಲೆ ನಿರಪಾಯವಾಗಿ ಕೆಲಸ ಮಾಡಬಲ್ಲಳು. ಲಿಥಿಯಮ್ ಸೇವಿಸುವವಳಿಗೆ ನಿಯತಕಾಲಕ್ಕೆ ರಕ್ತಪರೀಕ್ಷೆಗೆ ಎರಡು ಗಂಟೆ ಬಿಡುವು ಬೇಕು, ಅಷ್ಟೆ. ಬೆನ್ನುನೋವಿನವಳಿಗೆ ರೋಗಿಯನ್ನೆತ್ತುವ ಯಂತ್ರವನ್ನು ಒದಗಿಸುವಂತೆ ಇದೂ ಒಂದು ಅನುಕೂಲ. “ನಿನಗೆ ಯಾವ ರೋಗವಿತ್ತು?” ಎಂಬ ಪ್ರಶ್ನೆ ಬೇರೆ, “ಈ ಕೆಲಸವನ್ನು ಮಾಡಲು ನಿನಗೆ ಏನು ಅನುಕೂಲ ಬೇಕು?” ಎಂಬ ಪ್ರಶ್ನೆ ಬೇರೆ. ಮೊದಲನೆಯದಕ್ಕೆ ಉತ್ತರ ಕೊಟ್ಟವಳು ಅಪರಾಧಿಯಂತೆ ನಿಲ್ಲುವಳು. ಎರಡನೆಯದಕ್ಕೆ ಉತ್ತರ ಕೊಟ್ಟವಳು ಕೆಲಸಗಾರಳಂತೆ ನಿಲ್ಲುವಳು. ರೋಗಿಗೆ ರಕ್ಷಣೆ ದೊರೆಯುವುದು ಎರಡನೆಯ ಪ್ರಶ್ನೆಯಿಂದ.

ಮುಚ್ಚಿಡುವುದರ ಬೆಲೆ ಎಷ್ಟೆಂಬುದಕ್ಕೆ ಒಂದು ದುಃಖದ ಲೆಕ್ಕವುಂಟು. ಇಂಗ್ಲೆಂಡಿನಲ್ಲಿ ೨೦೧೧ರಿಂದ ೨೦೧೫ರವರೆಗೆ ಆದ ಆತ್ಮಹತ್ಯೆಗಳನ್ನು ಅಲ್ಲಿಯ ಸರ್ಕಾರಿ ಅಂಕಿ-ಅಂಶಗಳ ಕಚೇರಿಯವರು ವೃತ್ತಿವಾರು ವಿಂಗಡಿಸಿ ೨೦೧೭ರಲ್ಲಿ ಪ್ರಕಟಿಸಿದರು. ಆರೋಗ್ಯ ವೃತ್ತಿಗಳಲ್ಲಿದ್ದ ಸ್ತ್ರೀಯರಲ್ಲಿ ಆ ಅಪಾಯ ಸಾಮಾನ್ಯ ಸ್ತ್ರೀಯರಿಗಿಂತ ನೂರಕ್ಕೆ ೨೪ರಷ್ಟು ಹೆಚ್ಚಾಗಿತ್ತು. ಈ ಹೆಚ್ಚಳಕ್ಕೆ ಬಹುಮಟ್ಟಿಗೆ ದಾದಿಯರ ಮರಣಗಳೇ ಕಾರಣ. ಪರರ ಶುಶ್ರೂಷೆಗೆ ನಿಂತವರು ತಮ್ಮ ಶುಶ್ರೂಷೆಯನ್ನು ಬೇಡಲಾರದೆ ಹೋದರೆಂಬುದು ಇದಕ್ಕೆ ಏಕೈಕ ಕಾರಣವೆಂದು ನಾವು ಹೇಳುವುದಿಲ್ಲ. ಬೇಡುವುದಕ್ಕೆ ಹೆದರುವಂತೆ ಮಾಡುವ ನಮೂನೆಗಳು ಈ ಭಾರವನ್ನು ಇಳಿಸಲಾರವೆಂಬುದನ್ನು ಮಾತ್ರ ಹೇಳಬಲ್ಲೆವು.

ಬ್ರಿಟನ್ನಿನಲ್ಲಿ ಈ ತಿಳಿವಳಿಕೆ ನಿಧಾನವಾಗಿ ಬಂದಿತು. ೨೦೦೨ರಲ್ಲಿ ಆರೋಗ್ಯ ಇಲಾಖೆಯವರು ಎರಡು ವರ್ಷದ ಕಟ್ಟಳೆಯನ್ನು ಎಲ್ಲರಿಗೂ ಒಂದೇ ಸಮನೆ ಹಚ್ಚಬಾರದು, ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕು ಎಂದು ಸೂಚನೆ ಕೊಟ್ಟರು. ಆಮೇಲೆ ಅಂಗವಿಕಲರ ಹಕ್ಕುಗಳ ಕಮಿಷನ್ನಿನವರು ದಾದಿಯರು, ಉಪಾಧ್ಯಾಯರು, ಸಮಾಜಸೇವಕರು ಈ ಮೂರು ವೃತ್ತಿಗಳ ಆರೋಗ್ಯದ ಕಟ್ಟಳೆಗಳನ್ನು ಕೂಲಂಕಷವಾಗಿ ವಿಚಾರಣೆ ಮಾಡಿ ೨೦೦೭ರ ಸೆಪ್ಟೆಂಬರಿನಲ್ಲಿ ವರದಿಯನ್ನು ಪ್ರಕಟಿಸಿದರು. ಆ ವರದಿಯ ನಿರ್ಣಯ ಖಂಡಿತವಾಗಿತ್ತು. “ದೇಹದಲ್ಲಿಯೂ ಮನಸ್ಸಿನಲ್ಲಿಯೂ ಆರೋಗ್ಯವಂತರಾಗಿರಬೇಕು” ಎಂಬ ಮೊತ್ತದ ನಿಬಂಧನೆಯಿಂದ ಸಾರ್ವಜನಿಕರಿಗೆ ರಕ್ಷಣೆ ದೊರೆಯುವುದಿಲ್ಲ; ಅದರಿಂದ ಭೇದಭಾವ ಬೆಳೆಯುವುದು, ಯೋಗ್ಯರು ವೃತ್ತಿಗೆ ಬರಲು ಹಿಂಜರಿಯುವರು, ಬಂದವರು ರೋಗವನ್ನು ಬಚ್ಚಿಡುವರು. ನೋಡಬೇಕಾದದ್ದು ಯೋಗ್ಯತೆ ಮತ್ತು ನಡತೆ. ಆದಕಾರಣ ಆರೋಗ್ಯದ ನಿಬಂಧನೆಯನ್ನು ತೆಗೆದುಹಾಕಬೇಕೆಂದು ಅವರು ಶಿಫಾರಸು ಮಾಡಿದರು. ಶಿಫಾರಸು ಇಡಿಯಾಗಿ ಕಾಯಿದೆಯಾಗಲಿಲ್ಲ. ದಾದಿಯರ ರಿಜಿಸ್ಟರಿಗೆ ಸೇರುವಾಗ ಆರೋಗ್ಯ ಮತ್ತು ನಡತೆಯ ವಿಷಯವಾಗಿ ಘೋಷಣೆ ಕೊಡುವ ಪದ್ಧತಿ ಅಲ್ಲಿ ಇನ್ನೂ ಉಂಟು. ಆದರೆ ರೋಗವೊಂದು ಇದೆಯೆಂಬ ಮಾತ್ರಕ್ಕೆ ಅಯೋಗ್ಯಳಲ್ಲ, ನಿರಪಾಯವಾಗಿ ಕೆಲಸ ಮಾಡಬಲ್ಲಳೇ ಎಂಬುದೇ ಪ್ರಶ್ನೆಯೆಂದು ರಿಜಿಸ್ಟರಿನ ಅಧಿಕಾರಿಗಳೇ ಒಪ್ಪಿರುವರು.

ಇನ್ನು ನಾವು ಮೊದಲು ಹೇಳಿದ ಸೇತುವೆ. ಅದು ೨೦೧೦ರ ಸಮಾನತಾ ಕಾಯಿದೆಯ ೬೦ನೆಯ ಪ್ರಕರಣ. ಆ ವರ್ಷದ ಅಕ್ಟೋಬರ್ ೧ರಿಂದ ಜಾರಿಯಲ್ಲಿರುವುದು. ಕೆಲಸವನ್ನು ಕೊಡುತ್ತೇವೆಂದು ಹೇಳುವುದಕ್ಕೆ ಮುಂಚೆ ಅರ್ಜಿದಾರರ ಆರೋಗ್ಯವನ್ನು ಕುರಿತು ಕೇಳತಕ್ಕದ್ದಲ್ಲ ಎಂಬುದು ಅದರ ಸಾರಾಂಶ. ವಿನಾಯಿತಿಗಳು ಕೆಲವು ಉಂಟು: ಸಂದರ್ಶನಕ್ಕೆ ಏನಾದರೂ ಅನುಕೂಲ ಬೇಕೇ ಎಂದು ಕೇಳಬಹುದು; ಆ ಕೆಲಸದ ತಿರುಳೇ ಆಗಿರುವ ಕಾರ್ಯವನ್ನು ಮಾಡಬಲ್ಲೆಯಾ ಎಂದು ಕೇಳಬಹುದು. “ಎಂದಾದರೂ ಮನೋರೋಗ ಬಂದಿತ್ತೇ?” ಎಂಬ ಬಲೆ ಬೀಸುವ ಪ್ರಶ್ನೆ ಈ ವಿನಾಯಿತಿಯೊಳಗೆ ನುಸುಳುವುದು ಕಷ್ಟ.

ಈ ಕಾಯಿದೆಯ ಚಾತುರ್ಯವಿರುವುದು ಎಲ್ಲಿ ಎಂದರೆ, ರುಜುವಾತಿನ ಹೊಣೆಯನ್ನು ಅದು ಒಂದು ಹೆಗಲಿನಿಂದ ಇನ್ನೊಂದಕ್ಕೆ ದಾಟಿಸಿರುವುದು. ಯಜಮಾನನು ಕೇಳಬಾರದ ಕಾಲದಲ್ಲಿ ಆರೋಗ್ಯವನ್ನು ಕೇಳಿ, ಆಮೇಲೆ ಅಂಗವಿಕಲಳಾದ ಅರ್ಜಿದಾರಳನ್ನು ಕೈಬಿಟ್ಟಿದ್ದರೆ, ಉದ್ಯೋಗ ನ್ಯಾಯಮಂಡಲಿಯು ಆ ಕೇಳಿಕೆಯಿಂದಲೇ ಭೇದಭಾವ ನಡೆದಿರಬಹುದೆಂದು ಊಹಿಸಬಹುದು. ಅಲ್ಲಿಂದ ಮುಂದೆ, ನಾನು ಬಿಟ್ಟದ್ದು ಬೇರೆ ಕಾರಣದಿಂದ ಎಂದು ತೋರಿಸಿಕೊಡುವ ಹೊರೆ ಯಜಮಾನನದು. ಸಂದರ್ಶನದ ಅಂಕಗಳನ್ನು ತೋರಿಸಲಿ, ಹುದ್ದೆ ರದ್ದಾದ ಕಾಗದವನ್ನು ತೋರಿಸಲಿ. ಹೊರಗೆ ನಿಂತವಳು ಒಳಗಿದ್ದವರ ಮನಸ್ಸನ್ನು ಬಗೆದು ತೋರಿಸಬೇಕಾದ ಅಸಾಧ್ಯ ಕಾರ್ಯ ತಪ್ಪಿತು. ಏಜೆಂಟನು ಯಜಮಾನನ ಅಧಿಕಾರದಿಂದ ಮಾಡಿದ್ದು ಯಜಮಾನನೇ ಮಾಡಿದಂತೆ ಎಂಬುದೂ ಅದೇ ಕಾಯಿದೆಯ ಮಾತು.

ಕೆಲಸವನ್ನು ಕೊಡುತ್ತೇವೆಂದು ಹೇಳಿದ ಮೇಲೆ ಆರೋಗ್ಯವನ್ನು ಕೇಳಬಹುದು. ಅಲ್ಲಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕಾಗಿ ಉದ್ಯೋಗಾರೋಗ್ಯ ವಿಭಾಗವೆಂದು ಪ್ರತ್ಯೇಕ ವಿಭಾಗವುಂಟು. ರೋಗದ ವಿವರ ಆ ವೈದ್ಯರ ಕಡತದಲ್ಲಿರತಕ್ಕದ್ದು; ವಾರ್ಡಿನ ಮುಖ್ಯಸ್ಥರಿಗೆ ಹೋಗಬೇಕಾದದ್ದು “ಕೆಲಸಕ್ಕೆ ಯೋಗ್ಯಳು” ಅಥವಾ “ಇಂಥಿಂಥ ಅನುಕೂಲಗಳೊಡನೆ ಯೋಗ್ಯಳು” ಎಂಬ ಅಭಿಪ್ರಾಯ. ಹೀಗೆ ಕೇಳುವ ಕಾಲವನ್ನು ಹಿಂದಕ್ಕೆ ಸರಿಸಿದ್ದರಿಂದ ಏನು ಬಂತು ಎನ್ನಬಹುದು. ಕೊಡುತ್ತೇವೆಂದ ಕೆಲಸವನ್ನು, ರೋಗದ ವಿಷಯ ತಿಳಿದ ಮರುವಾರ ಹಿಂದಕ್ಕೆ ತೆಗೆದುಕೊಂಡರೆ ಕಾರಣ ಎಲ್ಲರ ಕಣ್ಣಿಗೂ ಎದ್ದು ಕಾಣುವುದು. ಮೊದಲೇ ಕೇಳಿ ಮೊದಲೇ ಬಿಟ್ಟರೆ ನೂರಾರು ಅರ್ಜಿಗಳ ರಾಶಿಯಲ್ಲಿ ಅದು ಅಡಗಿಹೋಗುವುದು. ಬಂದ ಲಾಭ ಅದು.

ನ್ಯೂನತೆಗಳೂ ಉಂಟು. ಕೇಳಿದ ಮಾತ್ರಕ್ಕೆ ಅರ್ಜಿದಾರಳು ವ್ಯಾಜ್ಯ ಹೂಡಲಾರಳು. ಕೇಳಿಕೆಯೊಂದಕ್ಕಾಗಿಯೇ ಕ್ರಮ ಕೈಗೊಳ್ಳುವ ಅಧಿಕಾರ ಸಮಾನತಾ ಕಮಿಷನ್ನಿನದು. ಉತ್ತರ ಐರ್ಲೆಂಡಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ; ಬೆಲ್‌ಫಾಸ್ಟಿನ ಆಸ್ಪತ್ರೆಗೆ ಅರ್ಜಿ ಹಾಕುವವರು ಇದನ್ನು ನೆನಪಿನಲ್ಲಿಡಬೇಕು. ಎಲ್ಲಕ್ಕಿಂತ ತೊಡಕಿನದು ಅಂಗವೈಕಲ್ಯದ ವ್ಯಾಖ್ಯೆ. ದಿನಬಳಕೆಯ ಕೆಲಸಗಳಿಗೆ ಗಣನೀಯವಾದ ಅಡ್ಡಿ ಇರಬೇಕು. ಅದು ಹನ್ನೆರಡು ತಿಂಗಳು ಇದ್ದಿರಬೇಕು ಅಥವಾ ಇರುವ ಸಂಭವವಿರಬೇಕು. ಎರಡು ತಿಂಗಳ ದುಃಖ ಇದರೊಳಗೆ ಬಾರದು. ಆದರೆ ಔಷಧದಿಂದ ರೋಗ ಅಡಗಿದ್ದರೆ, ಔಷಧವಿಲ್ಲದಿದ್ದರೆ ಹೇಗಿರುತ್ತಿತ್ತೆಂದು ನೋಡಬೇಕು; ಹಿಂದೆ ಇದ್ದು ಈಗ ಗುಣವಾದ ವೈಕಲ್ಯಕ್ಕೂ ರಕ್ಷಣೆಯುಂಟು. ನಮ್ಮ ಹುಡುಗಿಯ ಹದಿನಾಲ್ಕು ತಿಂಗಳನ್ನು ಈ ದೃಷ್ಟಿಯಿಂದ ಎಣಿಸಿದಾಗ ಆಕೆಯ ತಂದೆಯ ಮುಖ ಸ್ವಲ್ಪ ಗೆಲುವಾಯಿತು. ರೋಗದ ತಿಂಗಳುಗಳು ಹೆಚ್ಚಾದವೆಂದು ತಂದೆಯೊಬ್ಬನು ಸಮಾಧಾನಪಡುವಂತಾದದ್ದು ಕಾಯಿದೆಯ ವಿಚಿತ್ರಗಳಲ್ಲೊಂದು. ವೈಕಲ್ಯ ಇಲ್ಲದಿದ್ದರೂ ಇದೆಯೆಂದು ತಪ್ಪಾಗಿ ಭಾವಿಸಿ ಕೈಬಿಟ್ಟರೆ ಅದೂ ಭೇದಭಾವವೇ ಎಂದು ಅಲ್ಲಿಯ ಮೇಲ್ಮನವಿ ನ್ಯಾಯಾಲಯವು ೨೦೧೯ರಲ್ಲಿ ನಾರ್ಫಕ್ಕಿನ ಪೊಲೀಸ್ ಇಲಾಖೆಯ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಅದು ಕಿವಿಯ ದೋಷದ ಮೊಕದ್ದಮೆ. ಆದರೂ ಅದರ ನ್ಯಾಯ ಮನಸ್ಸಿಗೂ ಸಲ್ಲತಕ್ಕದ್ದು.

ಯಜಮಾನರ ಮೊದಲನೆಯ ಪ್ರಶ್ನೆ ಉಳಿದೇ ಇದೆ: ಇಲ್ಲವೆಂದು ಬರೆದಿದ್ದರೆ? ನಾವು ಅವರಿಗೆ ಬಿಚ್ಚಿ ಹೇಳಿದೆವು. ದಾದಿಯ ವೃತ್ತಿಯಲ್ಲಿ ಸುಳ್ಳು ಬರೆದದ್ದು ಮುಂದೆಂದಾದರೂ ಹೊರಬಿದ್ದರೆ ಆಗ ವಿಚಾರಣೆಯಾಗುವುದು ರೋಗದ ಮೇಲಲ್ಲ, ಪ್ರಾಮಾಣಿಕತೆಯ ಮೇಲೆ. ರೋಗಕ್ಕೆ ಕಾಯಿದೆಯ ರಕ್ಷಣೆಯುಂಟು. ಸುಳ್ಳಿಗೆ ಯಾವ ರಕ್ಷಣೆಯೂ ಇಲ್ಲ. ಅಪ್ರಾಮಾಣಿಕತೆಗಾಗಿ ರಿಜಿಸ್ಟರಿನಿಂದ ಹೆಸರನ್ನು ತೆಗೆದುಹಾಕುವ ಅಧಿಕಾರ ಅಲ್ಲಿಯ ಕೌನ್ಸಿಲ್ಲಿಗೆ ಉಂಟು. ಆಗ ಒಂದು ಆಸ್ಪತ್ರೆಯ ಕೆಲಸವಲ್ಲ, ವೃತ್ತಿಯೇ ಹೋಗುವುದು. ಹೇಳಲು ಇಷ್ಟವಿಲ್ಲದ ಪ್ರಶ್ನೆಗೆ, “ನೇಮಕದ ಪತ್ರ ಬಂದ ಮೇಲೆ ಉದ್ಯೋಗಾರೋಗ್ಯ ವಿಭಾಗದವರಿಗೆ ತಿಳಿಸುತ್ತೇನೆ” ಎಂದು ವಿನಯದಿಂದ ಬರೆಯುವುದು ಸುಳ್ಳಲ್ಲ. ಈ ಒಂದು ವಾಕ್ಯ ಹುಡುಗಿಗೆ ಮೊದಲೇ ತಿಳಿದಿದ್ದರೆ ಚೆನ್ನಾಗಿತ್ತು. ಏಜೆಂಟರು ಹೇಳಿರಲಿಲ್ಲ, ಹೇಳುವ ಏಜೆಂಟರು ಎಷ್ಟು ಜನವಿರುವರೋ ನಾವು ಕಾಣೆವು.

ದೂರದ ದೇಶದ ಮಾತನ್ನೇ ಆಡಿ ನಮ್ಮ ಅಂಗಳವನ್ನು ಮರೆಯುವುದು ತರವಲ್ಲ. ಬೆಂಗಳೂರಿನಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಪ್ರಾರಂಭವಾಗಿ, ೧೯೭೪ರಲ್ಲಿ ಅದೂ ಹಳೆಯ ಮಾನಸಿಕ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು. ಮನೋರೋಗವೂ ಜ್ವರದಂತೆ ಒಂದು ರೋಗ, ಚಿಕಿತ್ಸೆಗೆ ಬಗ್ಗುವುದು ಎಂದು ನಾಡಿನ ಮೂಲೆಮೂಲೆಯಿಂದ ಬಂದ ದಾದಿಯರು ಅಲ್ಲಿ ಕಲಿತುಹೋಗುವರು. ಅದೇ ಸಂಸ್ಥೆಯವರು ೨೦೧೫-೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ೧೦.೬ರಷ್ಟು ಮಂದಿಗೆ ಆ ಸಮಯದಲ್ಲಿ ಒಂದಲ್ಲ ಒಂದು ಮಾನಸಿಕ ವ್ಯಾಧಿ ಇದ್ದುದು ಕಂಡುಬಂದಿತು. ಹತ್ತು ಮಂದಿಯಲ್ಲಿ ಒಬ್ಬರೆಂದಾಯಿತು. ಶುಶ್ರೂಷೆ ಕಲಿಯುವ ಹುಡುಗಿಯರು ಈ ಲೆಕ್ಕದಿಂದ ಹೊರಗಿನವರೆಂದು ಹೇಳಲು ಯಾವ ಕಾರಣವೂ ಇಲ್ಲ.

ನಮ್ಮ ಕಾಯಿದೆಗಳು ಮಾತಿನಲ್ಲಿ ಹಿಂದೆ ಬಿದ್ದಿಲ್ಲ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಮಾನಸಿಕ ವ್ಯಾಧಿಯನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿರುವುದು. ಸರ್ಕಾರಿ ಸಂಸ್ಥೆಗಳು ಉದ್ಯೋಗದ ಯಾವ ವಿಷಯದಲ್ಲಿಯೂ ಭೇದ ಮಾಡತಕ್ಕದ್ದಲ್ಲವೆಂದು ವಿಧಿಸಿರುವುದು. ಖಾಸಗಿ ಸಂಸ್ಥೆಗಳಾದರೋ ಸಮಾನ ಅವಕಾಶದ ನೀತಿಯೊಂದನ್ನು ಪ್ರಕಟಿಸಬೇಕು. ಎಷ್ಟು ಆಸ್ಪತ್ರೆಗಳ ಗೋಡೆಯ ಮೇಲೆ ಅದನ್ನು ಕಂಡಿದ್ದೀರಿ? ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ನಮಗೆ ಬಹಳ ಹಿಡಿಸಿದ ಒಂದು ಮಾತಿದೆ: ಹಿಂದೆ ಚಿಕಿತ್ಸೆ ಪಡೆದದ್ದೊಂದೇ ಕಾರಣದಿಂದ ಇಂದು ಅಥವಾ ಮುಂದೆ ಒಬ್ಬರನ್ನು ಮನೋರೋಗಿಯೆಂದು ನಿರ್ಣಯಿಸಕೂಡದು. ಚಿಕಿತ್ಸೆಯ ವಿವರ ಗೋಪ್ಯವಾಗಿರತಕ್ಕದ್ದೆಂಬುದೂ ಅದರಲ್ಲಿಯೇ ಉಂಟು. ೨೦೨೧ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕೇಂದ್ರ ಮೀಸಲು ಪೊಲೀಸ್ ಪಡೆಯ ಅಧಿಕಾರಿಯೊಬ್ಬರ ವಿಷಯದಲ್ಲಿ, ಶಿಸ್ತಿನ ಕ್ರಮಕ್ಕೆ ಮಾನಸಿಕ ವೈಕಲ್ಯವೇ ಏಕೈಕ ಕಾರಣವಾಗಿರಬೇಕಾಗಿಲ್ಲ, ಕಾರಣಗಳಲ್ಲಿ ಒಂದಾಗಿದ್ದರೂ ಅದು ಭೇದಭಾವವೆಂದು ಎತ್ತಿಹಿಡಿಯಿತು. ಇಷ್ಟಿದ್ದರೂ ಕೆಲಸ ಕೊಡುವುದಕ್ಕೆ ಮುಂಚೆ ಕೇಳಬೇಡ ಎನ್ನುವ ಬ್ರಿಟನ್ನಿನ ೬೦ನೆಯ ಪ್ರಕರಣದಂಥ ನಿಬಂಧನೆ ನಮ್ಮಲ್ಲಿಲ್ಲ. ಶುಶ್ರೂಷಾ ಕಾಲೇಜಿಗೆ ಸೇರುವವರು “ವೈದ್ಯಕೀಯವಾಗಿ ಯೋಗ್ಯರಾಗಿರಬೇಕು” ಎಂಬ ಒಂದೇ ಸಾಲು. ಯೋಗ್ಯತೆ ಎಂದರೇನೆಂಬುದು ಸರ್ಟಿಫಿಕೇಟಿಗೆ ರುಜು ಹಾಕುವ ಡಾಕ್ಟರ ಮರ್ಜಿ.

ಇದರ ಮೇಲೆ ಮನೆಮನೆಯ ಇನ್ನೊಂದು ನಮೂನೆಯುಂಟು, ಅದು ಅಚ್ಚಾದದ್ದಲ್ಲ. ಆ ಸಾಯಂಕಾಲ ಯಜಮಾನರು ಹೋಗುವಾಗ ಸ್ವರವನ್ನು ತಗ್ಗಿಸಿ, “ಈ ಸಂಗತಿ ಬೀದಿಯಲ್ಲಿ ಯಾರಿಗೂ ತಿಳಿಯಬಾರದು, ನಾಳೆ ಸಂಬಂಧ ನೋಡಬೇಕು” ಎಂದರು. ಇಂಗ್ಲೆಂಡಿನ ಆಸ್ಪತ್ರೆಯವರ ಮೇಲೆ ಅಷ್ಟು ಹೊತ್ತು ಕುದಿಯುತ್ತಿದ್ದವರು ಅದೇ ಪ್ರಶ್ನೆಗೆ ತಮ್ಮ ಮನೆಯ ಬಾಗಿಲಲ್ಲಿ “ಇಲ್ಲ” ಎಂದು ಬರೆಯಲು ಸಿದ್ಧರಾಗಿದ್ದರು. ಅವರನ್ನು ಆಕ್ಷೇಪಿಸುವ ಧೈರ್ಯ ನಮಗೆ ಬರಲಿಲ್ಲ. ಮಗಳನ್ನು ಹೆತ್ತವರ ಕಷ್ಟ ಹೆತ್ತವರಿಗೇ ಗೊತ್ತು. ಅವರ ಹೆಸರನ್ನೂ ಬೀದಿಯ ಹೆಸರನ್ನೂ ನಾವು ಇಲ್ಲಿ ಬರೆಯದಿರುವುದಕ್ಕೆ ಅದೇ ಕಾರಣ. ಬರೆಯುವುದಕ್ಕೆ ಹುಡುಗಿಯೇ ಒಪ್ಪಿಗೆ ಕೊಟ್ಟಳು. ಹೆಸರು ಬೇಡವೆಂದದ್ದು ತಂದೆ.

ಮರುದಿನ ಹುಡುಗಿ ತಾನೇ ಬಂದಳು. ಕಾಗದಗಳನ್ನೆಲ್ಲ ತಾರೀಖಿನ ಕ್ರಮದಲ್ಲಿ ಜೋಡಿಸಿ ತಂದಿದ್ದಳು: ಸಂದರ್ಶನದ ದಿನ, “ವಾರ್ಡಿನಲ್ಲಿ ನೋಡುತ್ತೇವೆ” ಎಂದ ಮಾತನ್ನು ಆ ರಾತ್ರಿಯೇ ಬರೆದಿಟ್ಟುಕೊಂಡ ಟಿಪ್ಪಣಿ, ನಮೂನೆ ಬಂದ ದಿನ, ಕಳುಹಿಸಿದ ದಿನ, ಎರಡು ಸಾಲಿನ ಉತ್ತರ. ದಾದಿಯರಿಗೆ ಬರೆದಿಡುವ ಅಭ್ಯಾಸ ಒಳ್ಳೆಯದು. ನಾವು ಕುಳಿತು ಆಸ್ಪತ್ರೆಯವರಿಗೆ ಒಂದು ಪತ್ರವನ್ನು ಸಿದ್ಧಪಡಿಸಿದೆವು. ಅದರಲ್ಲಿ ಆರೋಪವಿಲ್ಲ, ಅಳಲಿಲ್ಲ; ಮೂರು ಪ್ರಶ್ನೆಗಳಿವೆ. ಆರೋಗ್ಯದ ನಮೂನೆಯನ್ನು ಕಳುಹಿಸಿದಾಗ ನನ್ನನ್ನು ಆರಿಸಿಯಾಗಿತ್ತೇ ಇಲ್ಲವೇ? ನಾನು ಬರೆದ ಉತ್ತರವನ್ನು ಯಾರು ಯಾರು ನೋಡಿದರು? ಮುಂದುವರಿಯದಿರಲು ಕಾರಣವೇನು, ಆ ನಿರ್ಣಯವಾದದ್ದು ಯಾವ ದಿನ? ಉತ್ತರ ಬಾರದಿದ್ದರೆ ಅಥವಾ ನುಣುಚಿಕೊಳ್ಳುವ ಉತ್ತರ ಬಂದರೆ ಅದನ್ನೂ ನ್ಯಾಯಮಂಡಲಿಯು ಗಮನಿಸಬಹುದು. ನ್ಯಾಯಮಂಡಲಿಗೆ ಹೋಗುವುದಕ್ಕೆ ಕಾಲದ ಮಿತಿ ಬಹಳ ಇಕ್ಕಟ್ಟಿನದು, ತಿಂಗಳುಗಳ ಲೆಕ್ಕ. ಆದಕಾರಣ ಅಂದೇ ಕಳುಹಿಸಿದೆವು.

ನಿನ್ನೆ ಸಂಜೆ ಆಕೆ ರಾತ್ರಿಯ ಪಾಳಿಗೆ ಹೊರಟಿದ್ದಳು. ಊಟದ ಡಬ್ಬಿ ಕೈ ಬದಲಾಯಿಸಿಕೊಂಡು, ನಾವು ಕೇಳುವ ಮೊದಲೇ ತಲೆಯಾಡಿಸಿದಳು. ಉತ್ತರ ಇನ್ನೂ ಬಂದಿರಲಿಲ್ಲ.